ಬೆಂಗಳೂರಿಗೆ ಕೆಲಸಕ್ಕೆ ಬಂದ ಜರ್ಮನ್ನರು: ‘ಮರುತ್’ ವಿಮಾನದ ಕಥೆ

ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯನ್ನೂ ಹಳೇ ಏರ್‌ಪೋರ್ಟ್ ರಸ್ತೆಯನ್ನೂ ಕೂಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ನಮ್ಮಲ್ಲಿ ಎಷ್ಟೋ ಜನ ಓಡಾಡಿದ್ದೀವಿ. ಟ್ರಾಫಿಕ್ಕಿನಲ್ಲಿ ನಿಂತು ಬೈದುಕೊಂಡಿದ್ದೀವಿ. ಈ ದಾಸ್ ಯಾರು, ಬಂಗಾಳಿ ಹೆಸರೊಂದು ಊರಿನ ಆ ಮೂಲೆಗೆ ಹೇಗೆ ಬಂತು ಅಂತ ಕೇಳಿದವರು ಮಾತ್ರ ಕಡಿಮೆ. ಅಲ್ಲೇ ಹತ್ತಿರದಲ್ಲಿ ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆ ಇದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ವಿಮಾನಪುರ ಅನ್ನುವ ಹೆಸರಿನ ಪೋಸ್ಟ್ ಆಫೀಸು. ಈ ಹೆಸರುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಥೆಯ ತುಂಡುಗಳು. ಆ ಕಥೆಯ ಒಂದು ತುದಿ ನಾವೀಗ ದುಡಿದು ತಿನ್ನುತ್ತಿರುವ ಈ ಮ್ಯೂನಿಕ್ ಊರಿನಲ್ಲಿದೆ.

ನಮ್ಮ ಬಳಗದಲ್ಲಿ ವಿಮಾನದ ಹುಚ್ಚು ಇರುವವರಿಗೆ ಕೊರತೆಯಿಲ್ಲ. ಯುಗಾದಿ ಊಟ ಮುಗಿದು ಹೆಂಗಸರು ಗಂಡಸರು ಎಲ್ಲ ತಟ್ಟೆ ಎತ್ತುತ್ತಿದ್ದರೆ, ಒಂದು ಮೂಲೆಯಲ್ಲಿ ಏರ್‌ಬಸ್ಸು ಮೇಲೋ ಬೋಯಿಂಗು ಮೇಲೋ ಅನ್ನುವ ಪಂಚಾಯ್ತಿ ನಡೀತಿರುತ್ತೆ. ಪ್ಲಾಸ್ಟಿಕ್ ಕಿಟ್ ತಂದು ಅಂಟಿಸಿ, ಬಣ್ಣ ಬಳಿದು, ಶೋಕೇಸಿನಲ್ಲಿ ಇಟ್ಟುಕೊಂಡವರೂ ಇದ್ದಾರೆ. ಅಂಥ ಶೋಕೇಸುಗಳಲ್ಲಿ ತಪ್ಪದೆ ಕಾಣುವ ಒಂದು ವಿಮಾನ ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಫೊಕ್ಕೆ-ವುಲ್ಫ್ 190. ಅದನ್ನು ವಿನ್ಯಾಸ ಮಾಡಿದ ಮನುಷ್ಯ ಆಮೇಲೆ ಹತ್ತು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ನೌಕರಿ ಮಾಡಿದ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಆತನ ಹೆಸರು ಕುರ್ಟ್ ಟಾಂಕ್. ನಮ್ಮ ಕಡೆ ಇಂಗ್ಲಿಷಿನಲ್ಲಿ ಓದಿ ‘ಟ್ಯಾಂಕ್’ ಅಂತಿದ್ದರು. ಯುದ್ಧದ ಟ್ಯಾಂಕಿಗೂ ನೀರಿನ ಟ್ಯಾಂಕಿಗೂ ಸಂಬಂಧವಿಲ್ಲ.

ಮೊದಲು ಬೆಂಗಳೂರಿನ ಮಾತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆಗೆ ಸೇರಿಸಿಕೊಂಡು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಜಾಗ ಮೈಸೂರು ಸಂಸ್ಥಾನದ್ದು, ಯಂತ್ರದ ತಿಳಿವಳಿಕೆ ವಿಲಿಯಂ ಪಾಲಿ ಎನ್ನುವ ಅಮೆರಿಕನ್ ತಂದದ್ದು, ಕೈಗಳು ನಮ್ಮವು. 1941ರಲ್ಲೇ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ ಜೋಡಿಸಿ ಹಾರಿಸಿದರು. ಯುದ್ಧ ಹತ್ತಿರ ಬಂದ ಮೇಲೆ ಸರ್ಕಾರ ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡಿತು. ಅದು ಅಮೆರಿಕದ ವಿಮಾನಗಳ ದೊಡ್ಡ ರಿಪೇರಿ ಶೆಡ್ಡಾಯಿತು. ಆ ದಿನಗಳಲ್ಲಿ ಕ್ಯಾಟಲಿನಾ ಅನ್ನುವ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು, ಅಲ್ಲಿಂದ ಕಾರ್ಖಾನೆಗೆ ರಿಪೇರಿಗೆ ಹೋಗುತ್ತಿದ್ದವು. ಹೌದು, ಅದೇ ಬೆಳ್ಳಂದೂರು ಕೆರೆ, ನೊರೆಯ ಬೆಳ್ಳಂದೂರು.

ಕಾರ್ಖಾನೆಗೆ ಕೈ ಪಳಗಿದ್ದು ರಿಪೇರಿಯಲ್ಲಿ. ಸ್ವಂತ ವಿನ್ಯಾಸ ಅಂದರೆ ಬೇರೆಯೇ ವಿದ್ಯೆ. ಅದನ್ನು ತಂದವರು ಡಾ. ವಿಷ್ಣು ಮಾಧವ ಘಾಟ್ಗೆ. ಇವರು ಓದಿದ್ದು ಇದೇ ಜರ್ಮನಿಯ ಗ್ಯೋಟಿಂಗನ್‌ನಲ್ಲಿ, ವಾಯುಚಲನಶಾಸ್ತ್ರದ ಅಜ್ಜ ಅನ್ನಬಹುದಾದ ಲುಡ್ವಿಗ್ ಪ್ರಾಂಟಲ್ ಅವರ ಕೈಕೆಳಗೆ, 1930ರ ದಶಕದಲ್ಲಿ. ಇವತ್ತು ಮಾಸ್ಟರ್ಸ್ ಮಾಡಲು ಸೂಟ್‌ಕೇಸ್ ಹಿಡಿದು ಬರುವ ನಮ್ಮ ಹುಡುಗರಿಗಿಂತ ಎಂಬತ್ತು ವರ್ಷ ಮೊದಲೇ ಬಂದು ಹೋದವರು. ಘಾಟ್ಗೆ ಮತ್ತು ಅವರ ಹುಡುಗರು ಮಾಡಿದ ಎಚ್‌ಟಿ-2 ಎಂಬ ಎರಡು ಸೀಟಿನ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ವಾಯುಪಡೆಯ ಒಂದೆರಡು ತಲೆಮಾರಿನ ಪೈಲಟ್ಟುಗಳು ಅದರಲ್ಲೇ ಕಲಿತರು. ಮರುತ್ ಕಥೆ ಹೇಳುವಾಗ ಎಲ್ಲರೂ ಜರ್ಮನ್ನರಿಂದ ಶುರು ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವರು ಬಂದಾಗ ಬೆಂಗಳೂರು ಬಯಲಾಗಿರಲಿಲ್ಲ.

ಈಗ ಟಾಂಕ್ ಬಗ್ಗೆ. ಹುಟ್ಟಿದ್ದು 1898ರಲ್ಲಿ, ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಬ್ರೋಮ್‌ಬೆರ್ಗ್ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಕುದುರೆ ಸವಾರ ಪಡೆಯ ಸೈನಿಕ, ಆಮೇಲೆ ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್. 1931ರಲ್ಲಿ ಬ್ರೆಮೆನ್ನಿನ ಫೊಕ್ಕೆ-ವುಲ್ಫ್ ಸೇರಿದ. ಈತನ ವಿಶೇಷ ಏನೆಂದರೆ, ಡ್ರಾಯಿಂಗ್ ಬೋರ್ಡಿನ ಮೇಲೆ ಗೆರೆ ಎಳೆದವನೇ ವಿಮಾನ ಹತ್ತಿ ಹಾರಿಸಿಯೂ ನೋಡುತ್ತಿದ್ದ. ಈತನ ನಾಲ್ಕು ಎಂಜಿನ್ನಿನ ‘ಕೊಂಡೊರ್’ ವಿಮಾನ 1938ರ ಆಗಸ್ಟಿನಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕಿಗೆ ಎಲ್ಲೂ ನಿಲ್ಲದೆ ಸುಮಾರು 25 ಗಂಟೆಯಲ್ಲಿ ಹೋಯಿತು. ಪ್ರಯಾಣಿಕರ ವಿಮಾನವೊಂದು ಹಾಗೆ ಹೋಗುವುದು ಆ ಕಾಲಕ್ಕೆ ದೊಡ್ಡ ಸುದ್ದಿ. ಅದಾದ ಮೇಲೆ ಬಂದದ್ದು ಫೊಕ್ಕೆ-ವುಲ್ಫ್ 190. ಇಪ್ಪತ್ತು ಸಾವಿರದ ಆಸುಪಾಸು ತಯಾರಾದವು.

ಮಾಡೆಲ್ ಮಾಡುವ ಗೆಳೆಯರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆ 190ರ ಮೂತಿಯಲ್ಲಿ ಕೂತಿದ್ದ ಬಿಎಂಡಬ್ಲ್ಯು 801 ಎಂಜಿನ್ನುಗಳು ತಯಾರಾದ ಜಾಗಗಳಲ್ಲಿ ಒಂದು ನಮ್ಮ ಮ್ಯೂನಿಕ್ಕಿನ ಆಲಾಖ್. ಎಸ್-ಬಾನ್ ಎರಡರಲ್ಲಿ ಹೋಗುವಾಗ ಆ ಸ್ಟೇಷನ್ ಸಿಗುತ್ತದೆ. ಅಲ್ಲಿ ಆ ಕಾಲದಲ್ಲಿ ದುಡಿದವರಲ್ಲಿ ಸಾವಿರಾರು ಜನ ಡಾಖಾವ್ ಕ್ಯಾಂಪಿನ ಕೈದಿಗಳು, ಆಕ್ರಮಿಸಿಕೊಂಡ ದೇಶಗಳಿಂದ ಎಳೆದು ತಂದವರು. ಬೇರೆ ದೇಶದಲ್ಲಿ ದುಡಿಯುವುದು ಅಂದರೆ ಏನು ಅಂತ ಗೊತ್ತಿರುವ ನಾವು ಆ ವಿಮಾನದ ಅಂದಚೆಂದ ಮೆಚ್ಚುವಾಗ ಇದನ್ನೂ ತಿಳಿದಿರಬೇಕು. ಮಾಡೆಲ್ ಮಾಡಬೇಡಿ ಅನ್ನುತ್ತಿಲ್ಲ. ಡಬ್ಬದ ಮೇಲಿನ ಬಣ್ಣದ ಚಿತ್ರ ಪೂರ್ತಿ ಕಥೆ ಹೇಳುವುದಿಲ್ಲ, ಅಷ್ಟೆ.

ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ವಿಮಾನ ಕಟ್ಟುವುದಕ್ಕೇ ನಿಷೇಧ. ವಿದ್ಯೆ ಇದೆ, ಕೆಲಸ ಇಲ್ಲ. ಟಾಂಕ್ 1947ರಲ್ಲಿ ‘ಪೆದ್ರೊ ಮಾತಿಯೆಸ್’ ಎಂಬ ಸುಳ್ಳು ಹೆಸರಿನ ಪಾಸ್‌ಪೋರ್ಟಿನಲ್ಲಿ ಅರ್ಜೆಂಟಿನಾ ಸೇರಿಕೊಂಡ. ಹಳೇ ಸಹೋದ್ಯೋಗಿಗಳೂ ಹೋದರು. ಕೊರ್ದೊಬಾ ಊರಿನಲ್ಲಿ ‘ಪುಲ್ಕಿ-2’ ಅನ್ನುವ ಜೆಟ್ ಫೈಟರ್ ಮಾಡಿದರು, 1950ರಲ್ಲಿ ಹಾರಿತು. ಅಧ್ಯಕ್ಷ ಪೆರೊನ್‌ಗೆ ತೋರಿಸುವ ದಿನ ಐವತ್ತು ದಾಟಿದ್ದ ಟಾಂಕ್ ತಾನೇ ಹತ್ತಿ ಹಾರಿಸಿದ. 1955ರಲ್ಲಿ ಪೆರೊನ್ ಉರುಳಿದ. ಕರೆಸಿಕೊಂಡ ಯಜಮಾನ ಹೋದ ಮೇಲೆ ಪರದೇಶಿ ನೌಕರನ ಗತಿ ಏನು? ಕಾಂಟ್ರಾಕ್ಟ್ ಮುಂದುವರಿಯಲಿಲ್ಲ, ಗುಂಪು ಚದುರಿತು, ಕೆಲವರು ಅಮೆರಿಕಕ್ಕೆ ಹೋದರು. ಟಾಂಕ್ ಮತ್ತೆ ಹೊಸ ಕೆಲಸ ಹುಡುಕಬೇಕಾಯಿತು. ಪ್ರಾಜೆಕ್ಟ್ ನಿಂತು ವೀಸಾ ದಿನ ಎಣಿಸಿದ ಅನುಭವ ನಮ್ಮಲ್ಲೂ ಕೆಲವರಿಗೆ ಇದೆ. ಅವರಿಗೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ.

ಅದೇ ಹೊತ್ತಿಗೆ ಭಾರತ ಸ್ವಂತ ಜೆಟ್ ಫೈಟರ್ ಮಾಡಬೇಕು ಅಂತ ಯೋಚಿಸುತ್ತಿತ್ತು. 1956ರ ಆಗಸ್ಟಿನಲ್ಲಿ ಟಾಂಕ್ ತನ್ನ ಸಹಾಯಕ ಲುಡ್ವಿಗ್ ಮಿಟ್ಟೆಲ್‌ಹ್ಯೂಬರ್ ಜೊತೆ ಬೆಂಗಳೂರಿಗೆ ಬಂದ. ಹಿಂದಿನಿಂದ ಇನ್ನೂ ಕೆಲವರು ಸೇರಿ ಒಟ್ಟು 18 ಜನರ ಜರ್ಮನ್ ತಂಡವಾಯಿತು. ಟಾಂಕ್‌ಗೆ ಆಗ 58 ವರ್ಷ. ನಮ್ಮೂರಲ್ಲಿ ಹಾರ ಹಾಕಿ, ಗಡಿಯಾರ ಕೊಟ್ಟು ಮನೆಗೆ ಕಳಿಸುವ ವಯಸ್ಸು.

ವಾಯುಪಡೆ ಕೇಳಿದ್ದು ಸಣ್ಣ ವಿಮಾನವಲ್ಲ. ಶಬ್ದದ ಎರಡರಷ್ಟು ವೇಗ, 60,000 ಅಡಿ ಎತ್ತರ, 500 ಮೈಲಿ ಹೋಗಿ ಹೊಡೆದು ವಾಪಸ್ ಬರುವ ಶಕ್ತಿ. ಆಕಾಶದಲ್ಲಿ ಕಾದಾಡಲೂ ಬೇಕು, ನೆಲದ ಮೇಲೆ ದಾಳಿಗೂ ಬೇಕು. ಇದನ್ನು ಮಾಡಬೇಕಾದ ಕಾರ್ಖಾನೆ ಅಲ್ಲಿಯವರೆಗೆ ಸ್ವಂತವಾಗಿ ಮಾಡಿದ್ದು ಪಂಖದ ತರಬೇತಿ ವಿಮಾನ. ಜೆಟ್ ಅಂದರೆ ಇಂಗ್ಲಿಷರ ಲೈಸೆನ್ಸಿನಲ್ಲಿ ಕಟ್ಟಿದ ವ್ಯಾಂಪೈರ್. ಶಬ್ದದ ವೇಗ ದಾಟುವ ವಿಮಾನದ ಮಾಡೆಲ್ಲಿಗೆ ಗಾಳಿ ಬೀಸಿ ನೋಡುವ ದೊಡ್ಡ ವಿಂಡ್ ಟನಲ್ ದೇಶದಲ್ಲೇ ಇರಲಿಲ್ಲ. ಮುರುಗೇಶಪಾಳ್ಯದ ರಸ್ತೆಗೆ ಹೆಸರು ಕೊಟ್ಟ ಸಂಸ್ಥೆ ಇದೆಯಲ್ಲ, ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅಲ್ಲಿನ ನಾಲ್ಕಡಿಯ ಟನಲ್ ಶುರುವಾಗಿದ್ದು 1967ರಲ್ಲಿ. ಅಷ್ಟೊತ್ತಿಗೆ ಮರುತ್ ಆಗಲೇ ಸ್ಕ್ವಾಡ್ರನ್ ಸೇರಿತ್ತು.

ಟನಲ್ ಇಲ್ಲದವರು ಏನು ಮಾಡಬೇಕು? ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಅವರು ಮರದಲ್ಲಿ ಮಾಡೆಲ್ ಮಾಡಿದರು. ಅಂಗೈಯಗಲದ್ದಲ್ಲ, ಒಂದಕ್ಕೆ ಒಂದು ಸ್ಕೇಲಿನದು! ಪೂರ್ತಿ ವಿಮಾನದ ಗಾತ್ರದ, ಎಂಜಿನ್ ಇಲ್ಲದ, ಇಬ್ಬರು ಕೂರುವ ಮರದ ಗ್ಲೈಡರ್. ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗಕ್ಕೆ ಕಟ್ಟಿ, ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುವುದು. ಅದು ತೇಲುತ್ತಾ ಇಳಿದು ಬರುವಾಗ ಎಲ್ಲಿ ವಾಲುತ್ತೆ, ಎಲ್ಲಿ ನಡುಗುತ್ತೆ, ಚುಕ್ಕಾಣಿಗೆ ಎಷ್ಟು ಬಗ್ಗುತ್ತೆ ಅಂತ ಬರೆದುಕೊಳ್ಳುವುದು. 1959ರ ವಸಂತದಲ್ಲಿ ಈ ಹಾರಾಟ ಶುರುವಾಯಿತು. ನಿಧಾನದ ವೇಗದಲ್ಲಿ ವಿಮಾನದ ಸ್ವಭಾವ ಹೇಗೆ ಅನ್ನುವುದು ಇದರಿಂದ ತಿಳಿಯಿತು. ಶಬ್ದದ ವೇಗದ ಹತ್ತಿರ ಏನಾಗುತ್ತೆ ಅನ್ನುವುದು ತಿಳಿಯಲಾರದು; ಅದಕ್ಕೆ ಲೆಕ್ಕವೇ ಗತಿ, ಇಲ್ಲವೇ ಪೈಲಟ್‌ನ ಎದೆಗಾರಿಕೆ. ಆ ಗ್ಲೈಡರ್ ಕಟ್ಟಿದ ಕೆಲಸಗಾರರು ರಂದ ಹೊಡೆದು ತಿದ್ದಿದ ಮರದ ರೆಕ್ಕೆಯೇ ನಮ್ಮ ಮೊದಲ ಜೆಟ್ ಫೈಟರಿನ ಮೊದಲ ರೂಪ.

ಸ್ಕೇಲಿನ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. ಮಾಡೆಲ್ ಕಿಟ್ಟುಗಳ ಮೇಲೆ 1/72 ಅಂತ ಯಾಕೆ ಇರುತ್ತೆ, ನೂರರಲ್ಲಿ ಒಂದು ಅಂತ ನೇರವಾಗಿ ಇಡಬಾರದಿತ್ತೇ ಅಂತ ಮಕ್ಕಳು ಕೇಳುತ್ತಾರೆ. ಆರಡಿಗೆ 72 ಇಂಚು. ಆರಡಿ ಆಳು ಒಂದು ಇಂಚಾದರೆ ವಿಮಾನವೂ ಅದೇ ಲೆಕ್ಕಕ್ಕೆ ಕುಗ್ಗಬೇಕು, ಅದೇ 1/72. ಮರುತ್ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಈ ಸ್ಕೇಲಿನಲ್ಲಿ ಅದು 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಅಗಲ ಆಗುತ್ತದೆ. ಪಕ್ಕದಲ್ಲಿ ಫೊಕ್ಕೆ-ವುಲ್ಫ್ 190 ಇಟ್ಟರೆ ಅದರ ರೆಕ್ಕೆಯೇ ಹದಿನಾಲ್ಕೂವರೆ. ಹದಿನೈದು ಇಪ್ಪತ್ತು ವರ್ಷದ ಅಂತರದಲ್ಲಿ ಒಬ್ಬನೇ ಮನುಷ್ಯ ಮಾಡಿದ ಎರಡು ವಿಮಾನ: ಒಂದು ಗುಂಡು ಮೂತಿಯ ಅಗಲ ರೆಕ್ಕೆಯದು, ಇನ್ನೊಂದು ಸೊಂಟ ಸಣ್ಣಗಿರುವ, ರೆಕ್ಕೆ ಹಿಂದಕ್ಕೆ ಮಡಿಸಿದ ಗಿಡುಗ. ನೋಡಲು ಮರುತ್‌ನಷ್ಟು ಚಂದದ ವಿಮಾನ ಆ ಕಾಲದಲ್ಲಿ ಕಡಿಮೆ. 190ರ ಕಿಟ್ಟು ಇಲ್ಲಿ ಯಾವ ಆಟಿಕೆ ಅಂಗಡಿಯಲ್ಲೂ ಸಿಗುತ್ತೆ. ಮರುತ್ ಕಿಟ್ಟಿಗೆ ಹುಡುಕಾಡಿ ಸುಸ್ತಾಗಬೇಕು.

ಲೋಹದ ಮರುತ್ ಮೊದಲು ಹಾರಿದ್ದು 1961ರ ಜೂನ್ 17ರಂದು, ಎಚ್.ಎ.ಎಲ್. ರನ್‌ವೇಯಿಂದ. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿ ರಂಜನ್ ದಾಸ್ ಅವರ ಮಗ. ಒಂದು ವಾರದ ನಂತರ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಎದುರು ಅಧಿಕೃತ ಹಾರಾಟ ಆಯಿತು. ಯುರೋಪು, ಅಮೆರಿಕ, ರಷ್ಯಾ ಬಿಟ್ಟು ಏಷ್ಯಾದ ದೇಶವೊಂದು ಇಂಥ ಜೆಟ್ ಫೈಟರನ್ನು ಸ್ವಂತ ವಿನ್ಯಾಸದಿಂದ ಹಾರಿಸಿ, ಮುಂದೆ ಸಾಲಾಗಿ ಕಟ್ಟಿ ವಾಯುಪಡೆಗೆ ಕೊಟ್ಟಿದ್ದು ಆ ದಿನಗಳಿಗೆ ಸಣ್ಣ ವಿಷಯವಲ್ಲ. ‘ಮರುತ್’ ಅನ್ನುವ ಹೆಸರು ವೇದದ ಬಿರುಗಾಳಿಯ ದೇವತೆಗಳದ್ದು.

ಬಿರುಗಾಳಿ ಅಂತ ಹೆಸರಿಟ್ಟರು, ಎಂಜಿನ್ ಮಾತ್ರ ತಂಗಾಳಿಯದ್ದು ಸಿಕ್ಕಿತು. ಇದೇ ಕಥೆಯ ನೋವು.

ಟಾಂಕ್ ಈ ವಿಮಾನವನ್ನು ಲೆಕ್ಕ ಹಾಕಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಬ, ಆಗಿನ್ನೂ ತಯಾರಾಗುತ್ತಿದ್ದ ಎಂಜಿನ್ನಿಗೆ. ಆಫ್ಟರ್‌ಬರ್ನರ್ ಹಚ್ಚಿದರೆ ಒಂದೊಂದೂ 8,170 ಪೌಂಡಿನಷ್ಟು ನೂಕುಬಲ ಕೊಡುವಂಥದ್ದು. ಎರಡು ಸೇರಿ ಹದಿನಾರು ಸಾವಿರ ಚಿಲ್ಲರೆ. ಆದರೆ ಆ ಎಂಜಿನ್ನಿನ ಮೇಲೆ ಆಸಕ್ತಿ ಇದ್ದದ್ದು ನೇಟೊ ದೇಶಗಳಿಗೆ. ಅವರು ಕೈಬಿಟ್ಟರು, ಬ್ರಿಟಿಷ್ ಸರ್ಕಾರವೂ ಕೈಬಿಟ್ಟಿತು. ಮುಂದುವರಿಸಬೇಕಾದರೆ ಖರ್ಚು ನೀವು ಕೊಡಿ ಅಂತ ಭಾರತವನ್ನು ಕೇಳಿದರು. ಭಾರತ ಕೊಡಲಿಲ್ಲ. ಆಗ ದೇಶದಲ್ಲಿ ವಿದೇಶಿ ವಿನಿಮಯದ ಬರ ಬಂದಿದ್ದು ನಿಜ. 1957-58ರಲ್ಲಿ ಖಜಾನೆಯ ಪೌಂಡುಗಳು ಕರಗಿ ಹೋಗಿದ್ದವು. ಆದರೂ ವಿಮಾನ ಕಟ್ಟಲು ಅಷ್ಟು ಮಾಡಿ ಎಂಜಿನ್ನಿಗೆ ಹಿಂದೆಮುಂದೆ ನೋಡಿದ್ದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗಾಯಿತು ಅಂತಲೇ ನನ್ನ ಅನಿಸಿಕೆ.

ಕೈಯಲ್ಲಿ ಇದ್ದದ್ದು ಆರ್ಫಿಯಸ್ 703. ನ್ಯಾಟ್ ಎಂಬ ಪುಟ್ಟ ವಿಮಾನಕ್ಕಾಗಿ ಎಚ್.ಎ.ಎಲ್. ಆಗಲೇ ಲೈಸೆನ್ಸಿನಲ್ಲಿ ಮಾಡುತ್ತಿದ್ದ ಎಂಜಿನ್. ಒಂದಕ್ಕೆ 4,850 ಪೌಂಡು, ಎರಡಕ್ಕೆ 9,700. ಅಂದರೆ ಬೇಕಾಗಿದ್ದರಲ್ಲಿ ಅರವತ್ತು ಪರ್ಸೆಂಟೂ ಇಲ್ಲ. ಆರು ಚಕ್ರದ ಲಾರಿಗೆ ಕಾರಿನ ಎಂಜಿನ್ ಕೂರಿಸಿ ಘಾಟಿ ಹತ್ತು ಅಂದ ಹಾಗೆ. ಶಬ್ದದ ಎರಡರಷ್ಟು ವೇಗಕ್ಕೆ ಹುಟ್ಟಿದ ವಿಮಾನ ಶಬ್ದದ ವೇಗ ಮುಟ್ಟುವುದಕ್ಕೇ ಏದುಸಿರು ಬಿಡುತ್ತಿತ್ತು.

ಎಂಜಿನ್ನಿಗಾಗಿ ಊರೆಲ್ಲ ಅಲೆದರು. ರಷ್ಯಾದ ಎಂಜಿನ್ ನೋಡಿದರು, ಹೊಂದಲಿಲ್ಲ. ಆಮೇಲೆ ನಡೆದದ್ದು ಸಿನಿಮಾ ಕಥೆಯ ಹಾಗಿದೆ. ಟಾಂಕ್‌ಗೆ ಯುದ್ಧಕಾಲದಲ್ಲಿ ಪ್ರತಿಸ್ಪರ್ಧಿಯಾಗಿದ್ದ ವಿಲ್ಲಿ ಮೆಸ್ಸರ್‌ಶ್ಮಿಟ್ ಕೂಡ ಯುದ್ಧದ ನಂತರ ಹೊರದೇಶದ ಕೆಲಸಕ್ಕೆ ಹೋಗಿದ್ದ, ಸ್ಪೇನಿಗೆ. ಅಲ್ಲಿ ಶುರುಮಾಡಿದ ಎಚ್‌ಎ-300 ಎಂಬ ಫೈಟರಿನ ಯೋಜನೆಯನ್ನು ಈಜಿಪ್ಟ್ ಕೊಂಡುಕೊಂಡು ಕೈರೋ ಹತ್ತಿರದ ಹೆಲ್ವಾನಿಗೆ ತಂದಿತು. ಅಲ್ಲಿ ಅದಕ್ಕೆ ಇ-300 ಎಂಬ ಎಂಜಿನ್ ಮಾಡುತ್ತಿದ್ದವನು ಫರ್ಡಿನಾಂಡ್ ಬ್ರಾಂಡ್ನರ್ ಎಂಬ ಆಸ್ಟ್ರಿಯನ್. ಯುದ್ಧದ ನಂತರ ವರ್ಷಗಟ್ಟಲೆ ಸೋವಿಯತ್ ವಶದಲ್ಲಿದ್ದು ಅವರಿಗೆ ಎಂಜಿನ್ ಮಾಡಿಕೊಟ್ಟು ಬಂದವನು. ಈಜಿಪ್ಟಿನ ಹತ್ತಿರ ಎಂಜಿನ್ ಇದೆ, ನಮ್ಮ ಹತ್ತಿರ ವಿಮಾನ ಇದೆ. ನೆಹರು-ನಾಸರ್ ಸ್ನೇಹದ ಕಾಲ. ಕೂಡಿ ಮಾಡೋಣ ಅಂತ ಒಪ್ಪಂದ ಆಯಿತು. ಎಚ್‌ಎ-300 ಮೊದಲ ಸಲ 1964ರ ಮಾರ್ಚ್ 7ರಂದು ಹಾರಿತು. ಹಾರಿಸಿದವರು ಯಾರು ಗೊತ್ತೆ? ನಮ್ಮ ವಾಯುಪಡೆಯ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. ಇ-300 ಇನ್ನೂ ಸಿದ್ಧವಿರಲಿಲ್ಲವಾದ್ದರಿಂದ ಆ ದಿನ ಅದರ ಹೊಟ್ಟೆಯಲ್ಲಿದ್ದದ್ದೂ ಒಂದು ಆರ್ಫಿಯಸ್ಸೇ. ಜರ್ಮನ್ ವಿನ್ಯಾಸ, ಸ್ಪೇನಿನಲ್ಲಿ ಹುಟ್ಟು, ಈಜಿಪ್ಟಿನ ಹಣ, ಬ್ರಿಟಿಷ್ ಎಂಜಿನ್, ಇಂಡಿಯನ್ ಪೈಲಟ್!

ಅತ್ತ ಒಂದು ಮರುತ್ ವಿಮಾನವನ್ನೇ ಈಜಿಪ್ಟಿಗೆ ಕಳಿಸಿದರು. ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300 ಕೂರಿಸಿ 1967ರ ಮಾರ್ಚ್ 29ರಂದು ಹಾರಿಸಿದರು. ಎರಡು ರೆಕ್ಕೆಯ ನಡುವೆ ಎರಡು ಬೇರೆ ಬೇರೆ ಬಲದ ಎಂಜಿನ್ ಇಟ್ಟುಕೊಂಡು ನೆಟ್ಟಗೆ ಹಾರಿಸುವುದು ಅಂದರೆ, ಒಂದೆತ್ತು ಒಂದು ಕೋಣ ಕಟ್ಟಿ ಗಾಡಿ ಹೊಡೆದ ಹಾಗೆ. ಎರಡೂವರೆ ತಿಂಗಳಿಗೆ ಜೂನ್ ಯುದ್ಧ ಬಂತು, ಈಜಿಪ್ಟ್ ಸೋತಿತು. 1969ರಲ್ಲಿ ಅಲ್ಲಿನ ಯೋಜನೆಯೇ ನಿಂತಿತು, ನಮ್ಮವರು ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದರು. ಇದರ ನಡುವೆಯೇ, 1962ರಲ್ಲಿ, ಭಾರತ ರಷ್ಯಾದ ಮಿಗ್-21 ತರಲು ಒಪ್ಪಿತ್ತು. ಶಬ್ದದ ಎರಡರಷ್ಟು ವೇಗದ ವಿಮಾನ ರೆಡಿಮೇಡ್ ಸಿಕ್ಕ ಮೇಲೆ ಮನೆಯ ಮಗುವಿಗೆ ಎಂಜಿನ್ ಹುಡುಕುವ ಆತುರ ದೆಹಲಿಯಲ್ಲಿ ಯಾರಿಗೂ ಉಳಿಯಲಿಲ್ಲ ಅಂತ ಕಾಣುತ್ತದೆ.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಸ್ಥೆಯವರು ಇರುವ ಆರ್ಫಿಯಸ್ಸಿಗೇ ಆಫ್ಟರ್‌ಬರ್ನರ್ ಕಟ್ಟಲು ಹೊರಟರು. ಜೆಟ್ ಎಂಜಿನ್ನಿನ ಹಿಂದಿನಿಂದ ಬರುವ ಬಿಸಿ ಹೊಗೆಯಲ್ಲಿ ಸುಡದೆ ಉಳಿದ ಆಮ್ಲಜನಕ ಇನ್ನೂ ಇರುತ್ತದೆ. ಅದಕ್ಕೆ ಮತ್ತೆ ಇಂಧನ ಚಿಮುಕಿಸಿ ಹೊತ್ತಿಸಿದರೆ ಹೆಚ್ಚಿನ ನೂಕು ಸಿಗುತ್ತದೆ. ನೂಕು ಸಿಕ್ಕಿತು. ಆದರೆ ಆ ದಪ್ಪ ಕೊಳವೆ ಕೂರಿಸಲು ವಿಮಾನದ ಹಿಂಭಾಗ ಅಗಲ ಮಾಡಬೇಕಾಯಿತು, ಗಾಳಿಯ ಎಳೆತ ಜಾಸ್ತಿಯಾಯಿತು, ಗಳಿಸಿದ್ದರಲ್ಲಿ ಬಹುಪಾಲನ್ನು ಅದೇ ತಿಂದು ಹಾಕಿತು. ಈ ಪ್ರಯೋಗದ ವಿಮಾನವನ್ನು ಹಾರಿಸುತ್ತಿದ್ದಾಗಲೇ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ನೆಲ ಬಿಟ್ಟ ಕೂಡಲೇ ವಿಮಾನ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಕಾಕ್‌ಪಿಟ್ಟಿನ ಮುಚ್ಚಳ ತೆರೆದುಕೊಂಡಿದ್ದು ಕಾರಣ ಅಂತ ಆಮೇಲಿನ ಬರಹಗಳು ಹೇಳುತ್ತವೆ. ಮೊದಲ ಹಾರಾಟ ಮಾಡಿದವರೇ ಒಂಬತ್ತು ವರ್ಷದ ನಂತರ ಅದೇ ಜಾತಿಯ ವಿಮಾನದಲ್ಲಿ, ಅದೇ ರನ್‌ವೇಯ ತುದಿಯಲ್ಲಿ ಹೋದರು. ರಸ್ತೆಯ ಹೆಸರು ಅವರದ್ದು.

ಹಾಗಂತ ಮರುತ್ ಕೆಲಸಕ್ಕೆ ಬಾರದ ವಿಮಾನ ಅಂತ ಬರೆದವರ ಮಾತು ಒಪ್ಪಲಾಗುವುದಿಲ್ಲ. ಎತ್ತರದಲ್ಲಿ ಓಡಲಾರದಿದ್ದರೂ ನೆಲಕ್ಕೆ ಹತ್ತಿರ ಅದು ಬಂಡೆಯ ಹಾಗೆ ಸ್ಥಿರ. ಎರಡು ಎಂಜಿನ್ ಇದ್ದದ್ದರಿಂದ ಒಂದಕ್ಕೆ ಪೆಟ್ಟು ಬಿದ್ದರೂ ಇನ್ನೊಂದರಲ್ಲಿ ಮನೆಗೆ ಬರಬಹುದು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಎರಡು ಸ್ಕ್ವಾಡ್ರನ್ ಮರುತ್‌ಗಳು ಮುನ್ನೂರು ಹಾರಾಟದ ಹತ್ತಿರ ಮಾಡಿದವು. ಒಂದೇ ಎಂಜಿನ್ನಿನಲ್ಲಿ ವಾಪಸ್ ಬಂದವೂ ಉಂಟು. ಆಕಾಶದ ಕಾಳಗದಲ್ಲಿ ಒಂದು ಮರುತ್ ಕೂಡ ಬೀಳಲಿಲ್ಲ. ಅಷ್ಟೇ ಅಲ್ಲ, ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಅವರು ಮರುತ್‌ನಿಂದಲೇ ಒಂದು ಸೇಬರ್ ಜೆಟ್ಟನ್ನು ಹೊಡೆದರು. ಒಟ್ಟು 147 ವಿಮಾನ ಕಟ್ಟಿದರು, ಅದರಲ್ಲಿ 18 ಎರಡು ಸೀಟಿನವು. 1990ರ ಹೊತ್ತಿಗೆ ಎಲ್ಲ ಸೇವೆಯಿಂದ ಇಳಿದವು.

ಟಾಂಕ್ 1967ರಲ್ಲಿ ಬೆಂಗಳೂರು ಬಿಟ್ಟ. ಜರ್ಮನಿಗೆ ಮರಳಿ, ಮ್ಯೂನಿಕ್ ಪಕ್ಕದ ಒಟ್ಟೊಬ್ರುನ್ನಿನ ಎಂಬಿಬಿ ಕಂಪನಿಗೆ ಸಲಹೆಗಾರನಾಗಿದ್ದು, 1983ರ ಜೂನ್ 5ರಂದು ಮ್ಯೂನಿಕ್ಕಿನಲ್ಲೇ ತೀರಿಕೊಂಡ. ಮೆಸ್ಸರ್‌ಶ್ಮಿಟ್ ಅದಕ್ಕೂ ಐದು ವರ್ಷ ಮೊದಲು ಇದೇ ಊರಿನಲ್ಲಿ ಸತ್ತಿದ್ದ. ಅರ್ಜೆಂಟಿನಾ, ಇಂಡಿಯಾ, ಸ್ಪೇನ್, ಈಜಿಪ್ಟ್ ಅಂತ ಸುತ್ತಿದ ಇಬ್ಬರೂ ಕೊನೆಗೆ ಬಂದು ನಿಂತದ್ದು ಇಲ್ಲಿ.

ಟಾಂಕ್ ಹೋದ ಮೇಲೆ ಬೆಂಗಳೂರಿನಲ್ಲಿ ಏನು ಉಳಿಯಿತು ಅನ್ನುವುದರ ಬಗ್ಗೆ ವಿಮಾನಪ್ರಿಯರಲ್ಲಿ ಯಾವಾಗಲೂ ಜಗಳ. ಏನೂ ಉಳಿಯಲಿಲ್ಲ, ಗುರು ಹೋದ, ವಿದ್ಯೆಯೂ ಹೋಯಿತು ಅನ್ನುವವರು ಒಂದು ಲೆಕ್ಕ ತೋರಿಸುತ್ತಾರೆ: ಮರುತ್ ಹಾರಿದ್ದು 1961ರಲ್ಲಿ, ಅದರ ನಂತರ ನಾವೇ ವಿನ್ಯಾಸ ಮಾಡಿದ ಇನ್ನೊಂದು ಫೈಟರ್, ತೇಜಸ್, ಹಾರಿದ್ದು 2001ರ ಜನವರಿ 4ರಂದು. ನಲವತ್ತು ವರ್ಷ! ಡ್ರಾಯಿಂಗ್ ಬೋರ್ಡಿನ ಮುಂದೆ ಕಲಿತ ಹುಡುಗರು ಇನ್ನೊಂದು ಫೈಟರ್ ಮಾಡದೆಯೇ ರಿಟೈರ್ ಆದರು. ಇದು ನಿಜ, ಬೇಜಾರಿನ ನಿಜ. ಆ ತೇಜಸ್‌ಗೂ ಸ್ವಂತ ಎಂಜಿನ್ ಕಾವೇರಿ ಕೈಗೂಡದೆ ಅಮೆರಿಕದ ಎಂಜಿನ್ ಕೂರಿಸಬೇಕಾಯಿತು ಅನ್ನುವುದೂ ನಿಜ. ಆದರೆ ಇನ್ನೊಂದು ಮಗ್ಗುಲೂ ಇದೆ. ಘಾಟ್ಗೆ ಅವರ ತಂಡದ ಕಿರಣ್ ಜೆಟ್ ತರಬೇತಿ ವಿಮಾನ 1964ರಲ್ಲಿ ಹಾರಿ, ದಶಕಗಳ ಕಾಲ ಕೆಲಸ ಮಾಡಿತು. ಅದರ ವಿನ್ಯಾಸದಲ್ಲಿ ಜರ್ಮನ್ನರ ಕೈ ಇರಲಿಲ್ಲ. ವಿಂಡ್ ಟನಲ್ ಬಂತು, ಎಂಜಿನ್ ಸಂಸ್ಥೆ ಬಂತು. ಮರುತ್ ಕಟ್ಟಿದ ಫಿಟ್ಟರು, ಟರ್ನರು, ಶೀಟ್ ಮೆಟಲ್ ಕೆಲಸಗಾರರ ಮಕ್ಕಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದರು. ಬೆಳಗಿನ ಸೈರನ್ನಿಗೆ ಗಡಿಯಾರ ಸರಿಮಾಡಿಕೊಂಡ, ಫ್ಯಾಕ್ಟರಿ ಬಸ್ಸು ಬರುವ ಹೊತ್ತಿಗೆ ಡಬ್ಬಿ ಕಟ್ಟಿದ ಮನೆಗಳವು. ಎಚ್.ಎ.ಎಲ್. ನೌಕರಿ ಅಂದರೆ ಹೆಣ್ಣು ಕೊಡುವವರು ಎರಡನೇ ಮಾತಾಡುತ್ತಿರಲಿಲ್ಲ. ಈ ಸಂಚಿಕೆ ಓದುತ್ತಿರುವವರಲ್ಲೂ ಅಂಥ ಮನೆಯವರು ಇದ್ದೇ ಇರುತ್ತಾರೆ.

ಊರಿಗೆ ಹೋದಾಗ ಮರುತ್ ನೋಡಬೇಕೆಂದರೆ ಎಚ್.ಎ.ಎಲ್. ಹೆರಿಟೇಜ್ ಸೆಂಟರಿನಲ್ಲಿ ಒಂದಿದೆ. ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ, ಮಕ್ಕಳಿಗೆ ಅರ್ಧ ದಿನ ಬೇಕು. ಇಲ್ಲಿ ನೋಡುವುದಕ್ಕೆ ಎಸ್-ಬಾನ್ ಒಂದರಲ್ಲಿ ಓಬರ್‌ಶ್ಲೈಸ್‌ಹೈಮ್‌ಗೆ ಹೋಗಿ. ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಡಾಯ್ಚಸ್ ಮ್ಯೂಸಿಯಂನವರ ವಿಮಾನ ಶಾಖೆ ಸಿಗುತ್ತದೆ, 1912ರಲ್ಲಿ ಬವೇರಿಯಾದ ರಾಜನ ಪಡೆಗೆ ಮಾಡಿದ ಹಳೇ ವಿಮಾನ ನಿಲ್ದಾಣದ ಮೇಲೆ. ಯೂರೋಫೈಟರ್, ಫ್ಯಾಂಟಮ್, ಸ್ಟಾರ್‌ಫೈಟರ್ ಎಲ್ಲದರ ಮುಂದೆಯೂ ಜನ ಇರುತ್ತಾರೆ. ಅಲ್ಲೇ ತ್ರಿಕೋಣ ರೆಕ್ಕೆಯ, ಸೂಜಿ ಮೂತಿಯ ಒಂದು ಪುಟ್ಟ ವಿಮಾನ ಇದೆ. ಅದೇ ಈಜಿಪ್ಟಿನಿಂದ ತಂದು, ಐದಾರು ವರ್ಷ ಕೂತು ರಿಪೇರಿ ಮಾಡಿದ ಎಚ್‌ಎ-300. ಅದರ ಕಾಕ್‌ಪಿಟ್ಟಿನ ಎತ್ತರಕ್ಕೆ ಮಕ್ಕಳನ್ನು ಎತ್ತಿ ತೋರಿಸಿ, 1964ರಲ್ಲಿ ಇಂಥದ್ದರಲ್ಲಿ ಮೊದಲು ಕೂತವರು ನಮ್ಮವರು, ಕಪಿಲ್ ಭಾರ್ಗವ ಅಂತ ಅವರ ಹೆಸರು ಅಂತ ಹೇಳಿ.